ಯಂತ್ರ ಬೇರೆ, ಸರಿ. ತಟ್ಟೆ ಯಾಕೆ ಬೇರೆ?

ಪ್ರಶ್ನೆ: ನಮ್ಮ ಮಾವನಿಗೆ 63 ವರ್ಷ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿ, ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಹೋದ ತಿಂಗಳ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂತು. ಅಲ್ಲಿ ಅವರನ್ನು ಬೇರೆ ಕೋಣೆಗೆ, ಬೇರೆ ಯಂತ್ರಕ್ಕೆ ಹಾಕಿದ್ದಾರೆ. ಅದನ್ನು ನೋಡಿ ನಾವೂ ಮನೆಯಲ್ಲಿ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ ಮಾಡಿದ್ದೇವೆ. ಮನೆಯಲ್ಲಿ ಅತ್ತೆ, ನಾನು, ನನ್ನ ಗಂಡ, 9 ಮತ್ತು 4 ವರ್ಷದ ಮಕ್ಕಳಿದ್ದೇವೆ. ಚಿಕ್ಕವನು ದಿನಾ ತಾತನ ಪಕ್ಕದಲ್ಲೇ ಮಲಗುತ್ತಿದ್ದ. ಈಗ ಬಿಡುತ್ತಿಲ್ಲ. ಮಾವನಿಗೆ ಒಂದು ದಿನವೂ ಕಾಮಾಲೆ ಆಗಿಲ್ಲ. ರಿಪೋರ್ಟ್ ತಪ್ಪಿರಬಹುದಾ? ಇದು ನಮಗೂ ಬರುತ್ತಾ? ನನ್ನ ಗಂಡ ಕಿಡ್ನಿ ಕೊಡುವ ಯೋಚನೆಯಲ್ಲಿದ್ದರು. ಅದೂ ಹೋಯ್ತಾ?

ಉತ್ತರ: ತಟ್ಟೆ, ಲೋಟವನ್ನು ಇವತ್ತೇ ಒಟ್ಟಿಗೆ ಇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಆಗಿದ್ದು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇ. ಡಯಾಲಿಸಿಸ್ ಘಟಕದಲ್ಲಿ ರೋಗಿಯನ್ನು ಬೇರೆ ಕೋಣೆಗೆ ಕಳಿಸುತ್ತಾರೆ. ನರ್ಸ್ ಹೊಸ ಗೌನ್ ಹಾಕಿಕೊಂಡು ಬರುತ್ತಾರೆ. ಯಂತ್ರದ ಮೇಲೆ ಚೀಟಿ ಅಂಟಿಸುತ್ತಾರೆ. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ ಮನೆಯವರು ಏನಂದುಕೊಳ್ಳಬೇಕು? ಓದಿದವರೇ ಇಷ್ಟು ಹೆದರುತ್ತಿದ್ದಾರೆ ಅಂದ ಮೇಲೆ ನಾವು ಇನ್ನೆಷ್ಟು ಹುಷಾರಾಗಿರಬೇಕು ಅಂತ ಅನಿಸುವುದು ಸಹಜ. ಯಾಕೆ ಬೇರೆ ಹಾಕಿದ್ದೇವೆ ಅಂತ ಅಲ್ಲಿ ಯಾರೂ ಬಿಡಿಸಿ ಹೇಳಿರುವುದಿಲ್ಲ. ತಪ್ಪು ಆಸ್ಪತ್ರೆಯವರಾದ ನಮ್ಮ ಕಡೆಯದೇ.

ಕಾರಣ ಇಷ್ಟೇ. ಹೆಪಟೈಟಿಸ್ ಬಿ ಲಿವರ್‌ಗೆ ತಗುಲುವ ವೈರಸ್, ಅದು ಇರುವುದು ಮುಖ್ಯವಾಗಿ ರಕ್ತದಲ್ಲಿ. ಡಯಾಲಿಸಿಸ್ ಅಂದರೆ ರಕ್ತವನ್ನು ಮೈಯಿಂದ ಹೊರಗೆ ತೆಗೆದು, ತೊಳೆದು, ಮತ್ತೆ ಒಳಗೆ ಕಳಿಸುವ ಕೆಲಸ. ನಿಮಿಷಕ್ಕೆ 300 ಮಿಲಿಲೀಟರ್ ಅಂತ ಹಿಡಿದರೂ ನಾಲ್ಕು ಗಂಟೆಯಲ್ಲಿ 72 ಲೀಟರ್ ರಕ್ತ ಆ ಕೊಳವೆಗಳಲ್ಲಿ ಹೋಗಿ ಬರುತ್ತದೆ. ಎರಡು ದಪ್ಪ ಸೂಜಿ, ಹತ್ತಾರು ಕ್ಲಾಂಪು, ಯಂತ್ರದ ಗುಂಡಿಗಳು, ಅದನ್ನು ಮುಟ್ಟಿದ ಕೈಗವಸು, ಅದೇ ಕೈಯಲ್ಲಿ ಪಕ್ಕದ ರೋಗಿಗೆ ಕೊಡುವ ಇಂಜೆಕ್ಷನ್. ಈ ವೈರಸ್ ಜಾಸ್ತಿ ಇರುವ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಕೋಟಿಗಟ್ಟಲೆ ವೈರಸ್ ಇರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಕಲೆಯೂ ಸಾಕು. ಒಣಗಿದ ಮೇಲೂ ಕನಿಷ್ಠ 7 ದಿನ ಅದಕ್ಕೆ ಸೋಂಕು ತರುವ ಶಕ್ತಿ ಉಳಿದಿರುತ್ತದೆ.

ಇದು ಅಂಜಿಕೆಯಿಂದ ಬಂದ ನಿಯಮವೂ ಅಲ್ಲ. 1969-70ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಡಯಾಲಿಸಿಸ್ ಘಟಕದಲ್ಲಿ ಹೆಪಟೈಟಿಸ್ ಬಿ ಹಬ್ಬಿತು. ರೋಗಿಗಳ ಜೊತೆ ಅಲ್ಲಿ ಕೆಲಸ ಮಾಡುವವರೂ ಜೀವ ಕಳೆದುಕೊಂಡರು. ಅಮೆರಿಕದಲ್ಲಿ 1974ರ ಒಂದೇ ವರ್ಷ ಡಯಾಲಿಸಿಸ್ ರೋಗಿಗಳಲ್ಲಿ 6.2%, ಸಿಬ್ಬಂದಿಯಲ್ಲಿ 5.2% ಜನರಿಗೆ ಹೊಸದಾಗಿ ಸೋಂಕು ತಗುಲಿತ್ತು. 1977ರಲ್ಲಿ ಅಲ್ಲಿ ಬೇರೆ ಕೋಣೆ, ಬೇರೆ ಯಂತ್ರ, ಬೇರೆ ಸಿಬ್ಬಂದಿ ಅನ್ನುವ ಶಿಫಾರಸು ಬಂತು. 1980ರ ಹೊತ್ತಿಗೆ ರೋಗಿಗಳ ಪ್ರಮಾಣ 1%ಗೆ ಇಳಿಯಿತು. ಆಗ ಲಸಿಕೆ ಇನ್ನೂ ಬಂದೇ ಇರಲಿಲ್ಲ. ಬೇರೆ ಮಾಡಿದ್ದು, ಶುಚಿ ಮಾಡಿದ್ದು, ಅಷ್ಟರಿಂದಲೇ ಆದ ಲಾಭ ಅದು.

ಈಗ ನಿಮ್ಮ ಊಟದ ಮನೆಗೆ ಬನ್ನಿ. ಅಲ್ಲಿ ರಕ್ತ ಎಲ್ಲಿದೆ? ಇಲ್ಲ ಅಲ್ವಾ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಒಂದೇ ಶೌಚಾಲಯ ಬಳಸಿದರೆ, ಕೆಮ್ಮಿದರೆ, ಸೀನಿದರೆ, ಅಪ್ಪಿಕೊಂಡರೆ, ಮುತ್ತು ಕೊಟ್ಟರೆ ಹೆಪಟೈಟಿಸ್ ಬಿ ಬರುವುದಿಲ್ಲ. ಸೊಳ್ಳೆಯಿಂದಲೂ ಬರುವುದಿಲ್ಲ. ಊಟ ನೀರಿನಿಂದ ಬರುವ ಹೆಪಟೈಟಿಸ್ ಇದೆ, ಅದು ಎ ಮತ್ತು ಇ. ಹೆಸರು ಒಂದೇ ಆದ್ದರಿಂದ ಜನ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಅವು ಬೇರೆ ವೈರಸ್, ಬೇರೆ ದಾರಿ.

ಹಾಗಾದರೆ ಮನೆಯಲ್ಲಿ ಹರಡುವುದೇ ಇಲ್ವಾ ಅಂದರೆ, ಹರಡುತ್ತದೆ. ಬಿ ಇರುವವರ ಜೊತೆ ಬಾಳುವವರಲ್ಲಿ ಸೋಂಕು ಉಳಿದವರಿಗಿಂತ ಜಾಸ್ತಿ ಸಿಗುತ್ತದೆ. ತೊಂದರೆ ಏನೆಂದರೆ ನಾವು ಕಾವಲು ಹಾಕುವುದು ಒಂದು ಬಾಗಿಲಿಗೆ, ಅದು ಬರುವುದು ಇನ್ನೊಂದು ಬಾಗಿಲಿಂದ. ತಟ್ಟೆ ಬೇರೆ ಮಾಡಿದ ಎಷ್ಟೋ ಮನೆಗಳಲ್ಲಿ ನೇಲ್ ಕಟರ್ ಒಂದೇ ಇರುತ್ತದೆ!

ನಿಮ್ಮ ಮಾವನಿಗೆ ಸಕ್ಕರೆ ಕಾಯಿಲೆ ಇದೆ ಅಂದಿರಿ. ಹಾಗಾದರೆ ಮನೆಯಲ್ಲಿ ಶುಗರ್ ನೋಡುವ ಪುಟ್ಟ ಯಂತ್ರ ಇದ್ದೇ ಇರುತ್ತದೆ. ನಾನು ಮೊದಲು ಕೇಳುವುದೇ ಅದನ್ನು. ಬೆರಳು ಚುಚ್ಚುವ ಪೆನ್ನಿನ ಮುಚ್ಚಳ ತೆಗೆದು, ತುದಿಯ ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಬಣ್ಣದ ಸಣ್ಣ ಚುಕ್ಕೆಗಳು ಕಾಣಬಹುದು. ಒಣಗಿದ ರಕ್ತ ಅದು. ಕಾಣದಿದ್ದರೂ ಇಲ್ಲ ಅಂತ ಅರ್ಥವಲ್ಲ. ಅತ್ತೆಗೂ ಸ್ವಲ್ಪ ಶುಗರ್ ಇದ್ದರೆ ಅದೇ ಪೆನ್ನಿನಲ್ಲಿ ನೋಡಿಕೊಂಡಿರುತ್ತಾರೆ. ಬಂದ ನೆಂಟರೂ ನಮ್ಮದೆಷ್ಟಿದೆ ನೋಡೋಣ ಅಂತ ಸುಮ್ನೆ ಬೆರಳು ಕೊಟ್ಟಿರುತ್ತಾರೆ. ಸೂಜಿ ಹೊಸದು ಹಾಕಿದ್ದೇವೆ ಅನ್ನುತ್ತಾರೆ. ಸೂಜಿ ಹೊಸದು, ಪೆನ್ನಿನ ತುದಿ ಹಳೆಯದು. ವೃದ್ಧಾಶ್ರಮಗಳಲ್ಲಿ ಹೀಗೆ ಚುಚ್ಚುವ ಪೆನ್ನನ್ನು ಹಂಚಿಕೊಂಡು ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ದಾಖಲಾಗಿವೆ. ಪೆನ್ನು ಮಾವನಿಗೆ ಮಾತ್ರ. ಬಳಸಿದ ಸೂಜಿ ಕಸದ ಬುಟ್ಟಿಗಲ್ಲ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ. ತುಂಬಿದ ಮೇಲೆ ಮುಚ್ಚಳ ಬಿಗಿದು, ಡಯಾಲಿಸಿಸ್‌ಗೆ ಹೋಗುವಾಗ ಕೊಟ್ಟು ಬರಬಹುದಾ ಅಂತ ಅಲ್ಲಿ ಕೇಳಿ.

ರೇಜರ್, ಹಲ್ಲುಜ್ಜುವ ಬ್ರಷ್, ನೇಲ್ ಕಟರ್ ಕೂಡ ಹಾಗೆಯೇ. ಬ್ರಷ್ ಯಾಕೆ ಅಂದರೆ ಒಸಡಿನಿಂದ ರಕ್ತ ಬರುವುದು ಡಯಾಲಿಸಿಸ್‌ನಲ್ಲಿ ಇರುವವರಿಗೆ ಮಾಮೂಲು. ಎಲ್ಲರ ಬ್ರಷ್ ಒಂದೇ ಲೋಟದಲ್ಲಿ ತಲೆಗೆ ತಲೆ ತಾಗಿಸಿ ನಿಂತಿದ್ದರೆ, ಮಾವನದನ್ನು ಬೇರೆ ಇಡಿ. ಬೇರೆ ಮಾಡಬೇಕಾದ ಲೋಟ ಅದು. ಬಟ್ಟೆ ಒಟ್ಟಿಗೆ ಒಗೆಯಬಹುದು. ರಕ್ತದ ಕಲೆ ಇದ್ದದ್ದನ್ನು ಮಾತ್ರ ಕೈಗವಸು ಹಾಕಿಕೊಂಡು ಮೊದಲು ಬೇರೆ ತೊಳೆಯಿರಿ.

ಇನ್ನು ಡಯಾಲಿಸಿಸ್ ಮುಗಿಸಿ ಮನೆಗೆ ಬಂದ ಸಂಜೆ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ) ಇರುವ ತೋಳಿನಲ್ಲಿ ಎರಡು ಕಡೆ ಹತ್ತಿ ಒತ್ತಿ ಪ್ಲಾಸ್ಟರ್ ಹಾಕಿ ಕಳಿಸಿರುತ್ತಾರೆ. ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುವುದರಿಂದ ಒಸರುವುದು ನಿಲ್ಲಲು ಹೊತ್ತು ಹಿಡಿಯುತ್ತದೆ. ರಾತ್ರಿ ಊಟ ಆದ ಮೇಲೆ ಅವರೇ ಪ್ಲಾಸ್ಟರ್ ಕಿತ್ತು ಹತ್ತಿಯನ್ನು ಮಂಚದ ಪಕ್ಕ ಇಡುತ್ತಾರೆ. ಬೆಳಿಗ್ಗೆ ನೀವೋ ಅತ್ತೆಯೋ ಬರಿಗೈಯಲ್ಲಿ ಎತ್ತಿ ಹಾಕುತ್ತೀರಿ. ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡಿದ್ದರೆ ವೈರಸ್ಸಿಗೆ ಬಾಗಿಲು ತೆರೆದಂತೆ. ಅದಕ್ಕೆ ಪರಿಹಾರ ಬಹಳ ಸುಲಭ. ಹತ್ತಿ ತೆಗೆದವರೇ ಒಂದು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ ಹಾಕಲಿ. ಮಾವ ತಾವೇ ಮಾಡಬಲ್ಲ ಕೆಲಸ ಇದು. ಎಲ್ಲವನ್ನೂ ಬೇರೆಯವರಿಂದ ಮಾಡಿಸಿಕೊಳ್ಳುವವರಿಗೆ ತಮ್ಮದೇ ಒಂದು ಕೆಲಸ ಇದ್ದರೆ ಒಳ್ಳೆಯದೂ ಹೌದು.

ಕೆಲವೊಮ್ಮೆ ಮನೆಗೆ ಬಂದ ಮೇಲೆ ಸೂಜಿ ಹಾಕಿದ ಜಾಗದಿಂದ ಮತ್ತೆ ರಕ್ತ ಬರುತ್ತದೆ. ಆಗ ಗಾಬರಿಯಲ್ಲಿ ಎಲ್ಲರೂ ಕೈ ಹಾಕುತ್ತಾರೆ. ಬೇಡ. ಒಬ್ಬರು ಕೈಗವಸು ಹಾಕಿ, ಶುಭ್ರ ಬಟ್ಟೆ ಮಡಿಸಿ, ರಕ್ತ ಬರುವ ಚುಕ್ಕೆಯ ಮೇಲೇ ಎರಡು ಬೆರಳಿನಿಂದ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುನಡುವೆ ತೆಗೆದು ನೋಡಬೇಡಿ. 15 ನಿಮಿಷಕ್ಕೂ ನಿಲ್ಲದಿದ್ದರೆ, ಅಥವಾ ಚಿಮ್ಮುತ್ತಿದ್ದರೆ, ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. ಅದು ಸೋಂಕಿನ ಮಾತಲ್ಲ, ಜೀವದ ಮಾತು. ಕೈಗವಸು ಸಿಗದಿದ್ದರೆ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟಾದರೂ ಒತ್ತಿ, ಕೈಗವಸು ಹುಡುಕುತ್ತಾ ಹೊತ್ತು ಕಳೆಯಬೇಡಿ.

ನೆಲಕ್ಕೆ ಬಿದ್ದ ರಕ್ತವನ್ನು ಮೊದಲು ಕಾಗದದಲ್ಲಿ ಒರೆಸಿ ಚೀಲಕ್ಕೆ ಹಾಕಿ. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಸೇರಿಸಿ, ಆ ಜಾಗ 10 ನಿಮಿಷ ಒದ್ದೆಯಾಗಿರುವಂತೆ ಬಿಟ್ಟು ಒರೆಸಿ. ಬರೀ ನೀರಿನಲ್ಲಿ ಒರೆಸಿದರೆ ಸಾಲದು. ಬ್ಲೀಚಿಗೆ ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ.

ಹೊಟ್ಟೆಯ ಡಯಾಲಿಸಿಸ್, ಅಂದರೆ ಹೊಟ್ಟೆಯೊಳಗೆ ದ್ರವ ತುಂಬಿ ಹೊರಗೆ ತೆಗೆಯುವ ವಿಧಾನ, ಮಾಡಿಕೊಳ್ಳುವವರ ಮನೆಯವರಿಗೆ ಇಲ್ಲೇ ಒಂದು ಮಾತು. ಚೀಲಕ್ಕೆ ಇಳಿದು ಬರುವ ದ್ರವ ನೋಡಲು ತಿಳಿಯಾಗಿರುತ್ತದೆ, ಆದರೆ ರೋಗಿಗೆ ಹೆಪಟೈಟಿಸ್ ಬಿ ಇದ್ದರೆ ಅದರಲ್ಲೂ ವೈರಸ್ ಇರುತ್ತದೆ. ರಕ್ತದಷ್ಟೇ ಜಾಗ್ರತೆಯಿಂದ, ಕೈಗವಸು ಹಾಕಿಕೊಂಡು, ಸಿಡಿಯದಂತೆ ಶೌಚಾಲಯಕ್ಕೆ ಸುರಿಯಬೇಕು. ಪಾತ್ರೆ ತೊಳೆಯುವ ಸಿಂಕಿಗಂತೂ ಬೇಡ.

ಇಷ್ಟೆಲ್ಲ ಹೇಳಿದರೂ ಇವು ಬೇಲಿ ಅಷ್ಟೇ. ನಿಜವಾದ ಗೋಡೆ ಲಸಿಕೆ. 1980ರ ದಶಕದ ಆರಂಭದಿಂದ ಲಸಿಕೆ ಸಿಗುತ್ತಿದೆ. ಮೂರು ಡೋಸ್: ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ಆರೋಗ್ಯವಂತ ದೊಡ್ಡವರಲ್ಲಿ 90%ಗಿಂತ ಜಾಸ್ತಿ ಜನರಿಗೆ ರಕ್ಷಣೆ ಬರುತ್ತದೆ, ಮಕ್ಕಳಲ್ಲಿ ಇನ್ನೂ ಚೆನ್ನಾಗಿ. ಡಯಾಲಿಸಿಸ್ ರೋಗಿಗಳಲ್ಲಿ ಮಾತ್ರ ಲಸಿಕೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಅವರಿಗೆ ಇಮ್ಮಡಿ ಪ್ರಮಾಣದ ಡೋಸ್ ಕೊಟ್ಟು, ವರ್ಷಕ್ಕೊಮ್ಮೆ ರಕ್ಷಣೆ ಉಳಿದಿದೆಯಾ ಅಂತ ನೋಡಬೇಕಾಗುತ್ತದೆ. ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ, ಅವರಿಗೆ ಸೋಂಕು ಇರಲಿ ಬಿಡಲಿ, ಮನೆಯವರೆಲ್ಲ ಲಸಿಕೆ ಹಾಕಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಸೋಂಕು ಅವರಿಂದ ನಿಮಗೆ ಬರಬಹುದಾದಂತೆ ನಿಮ್ಮಿಂದ ಅವರಿಗೂ ಬರಬಹುದು.

ನಿಮ್ಮ ಮನೆಯ ಐವರೂ ಒಟ್ಟಿಗೆ ಹೋಗಿ ಮೂರು ಪರೀಕ್ಷೆ ಮಾಡಿಸಿ: ಎಚ್‌ಬಿಎಸ್‌ಎಜಿ, ಆ್ಯಂಟಿ-ಎಚ್‌ಬಿಸಿ, ಆ್ಯಂಟಿ-ಎಚ್‌ಬಿಎಸ್. ಮೊದಲನೆಯದು ಪಾಸಿಟಿವ್ ಅಂದರೆ ವೈರಸ್ ಈಗ ಮೈಯಲ್ಲಿದೆ. ಎರಡನೆಯದು ಪಾಸಿಟಿವ್ ಅಂದರೆ ಸಾಮಾನ್ಯವಾಗಿ ಯಾವಾಗಲೋ ಒಮ್ಮೆ ವೈರಸ್ ಬಂದಿತ್ತು ಅಂತ. ಮೂರನೆಯದು ರಕ್ಷಣೆಯ ಅಳತೆ, 10 ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯದು. ಮೂರೂ ನೆಗೆಟಿವ್ ಬಂದರೆ ಜನ ಖುಷಿಯಿಂದ ಮನೆಗೆ ಹೋಗಿಬಿಡುತ್ತಾರೆ. ಸರಿಯಾಗಿ ನೋಡಿದರೆ ಲಸಿಕೆ ಬೇಕಾದವರೇ ಅವರು! ರಿಪೋರ್ಟ್ ಬರಲಿ ಅಂತಲೂ ಕಾಯಬೇಡಿ. ರಕ್ತ ಕೊಟ್ಟ ದಿನವೇ ಮೊದಲ ಡೋಸ್ ಹಾಕಿಸಿಕೊಳ್ಳಬಹುದು. ರಕ್ತ ಮೊದಲು, ಲಸಿಕೆ ಆಮೇಲೆ. ಈ ಕ್ರಮ ತಪ್ಪಬಾರದು. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ಆ್ಯಂಟಿ-ಎಚ್‌ಬಿಎಸ್ ಮತ್ತೊಮ್ಮೆ ನೋಡಿಸಿ.

ಮಕ್ಕಳ ಲಸಿಕೆ ಕಾರ್ಡ್ ತೆಗೆದು ನೋಡಿ. ಹುಟ್ಟಿದಾಗಿನಿಂದ ಸರಿಯಾಗಿ ಹಾಕಿಸಿದ್ದರೆ ಇದೂ ಆಗಿರುವ ಸಾಧ್ಯತೆ ಹೆಚ್ಚು. ಕಾರ್ಡ್ ಕಳೆದಿದ್ದರೆ ಮತ್ತೆ ಹಾಕಿಸಿದರೂ ತೊಂದರೆ ಇಲ್ಲ. ಮಕ್ಕಳ ವಿಷಯದಲ್ಲಿ ನಾನು ಒತ್ತಿ ಹೇಳಲು ಕಾರಣ ಇದೆ. ದೊಡ್ಡವರಿಗೆ ಈ ವೈರಸ್ ತಗುಲಿದರೆ 100ರಲ್ಲಿ 95ಕ್ಕಿಂತ ಜಾಸ್ತಿ ಮಂದಿಯ ದೇಹ ತಾನೇ ಅದನ್ನು ಹೊರಗೆ ಹಾಕುತ್ತದೆ. ಹಸುಗೂಸಿಗೆ ತಗುಲಿದರೆ 10ರಲ್ಲಿ 9 ಮಕ್ಕಳಲ್ಲಿ ಅದು ಕಾಯಂ ಆಗಿ ಕೂರುತ್ತದೆ. ಐದು ವರ್ಷದೊಳಗಿನ ಮಕ್ಕಳು ಇವೆರಡರ ನಡುವೆ ಬರುತ್ತಾರೆ. ನಿಮ್ಮ ಚಿಕ್ಕವನಿಗೆ ನಾಲ್ಕು.

ಅತ್ತೆಯ ಬಗ್ಗೆ ನೀವು ಕೇಳಿಲ್ಲ, ಸಂಕೋಚ ಇರಬಹುದು. ಹೆಪಟೈಟಿಸ್ ಬಿ ದೈಹಿಕ ಸಂಬಂಧದಿಂದ ಹರಡುತ್ತದೆ. 60 ದಾಟಿದವರಿಗೆ ಅದೇನು ಕೇಳುವುದು ಅಂತ ವೈದ್ಯರೂ ಸುಮ್ಮನಾಗಿಬಿಡುತ್ತಾರೆ. ಹಾಗೆ ಬಿಡಬಾರದು. ಅತ್ತೆಯ ಪರೀಕ್ಷೆ ಎಲ್ಲರಿಗಿಂತ ಮೊದಲು ಆಗಲಿ, ಲಸಿಕೆಯಿಂದ ರಕ್ಷಣೆ ಬಂದಿದೆ ಅಂತ ಖಾತ್ರಿ ಆಗುವವರೆಗೆ ಕಾಂಡೋಮ್ ಬಳಸಲಿ. ನೀವು ಹೇಳಲು ಆಗದಿದ್ದರೆ ನರ್ಸ್ ಹತ್ತಿರ ಹೇಳಿಸಿ.

ಲಸಿಕೆ ಪೂರ್ತಿ ಆಗುವ ಮೊದಲೇ ಯಾರಿಗಾದರೂ ಮಾವನ ಸೂಜಿ ಚುಚ್ಚಿಕೊಂಡಿತು ಅನ್ನಿ. ರಕ್ಷಣೆ ಇಲ್ಲದವರಿಗೆ ಹೀಗೆ ಚುಚ್ಚಿದಾಗ, ರೋಗಿಯಲ್ಲಿ ವೈರಸ್ ಎಷ್ಟಿದೆ ಅನ್ನುವುದರ ಮೇಲೆ 6ರಿಂದ 30% ತನಕ ಸೋಂಕು ತಗುಲುವ ಸಾಧ್ಯತೆ ಇದೆ. ಎಚ್‌ಐವಿಗೆ ಇದೇ ಲೆಕ್ಕ 0.3%. ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇಂಜೆಕ್ಷನ್ ಇದೆ. 24 ಗಂಟೆಯೊಳಗೆ ಕೊಟ್ಟರೆ ಉತ್ತಮ, ಏಳು ದಿನ ದಾಟಿದರೆ ಉಪಯೋಗ ಕಡಿಮೆ.

ರಿಪೋರ್ಟ್ ತಪ್ಪಿರಬಹುದಾ ಅಂತ ಕೇಳಿದಿರಿ. ಕಾಮಾಲೆ ಆಗಿಲ್ಲ ಅನ್ನುವುದು ಇಲ್ಲಿ ಸಾಕ್ಷಿಯೇ ಅಲ್ಲ. ಕಣ್ಣು ಹಳದಿ ಆಗುವುದು ಬಹುಮಟ್ಟಿಗೆ ನಮ್ಮದೇ ರೋಗನಿರೋಧಕ ಶಕ್ತಿ ವೈರಸ್ ಹೊಕ್ಕ ಲಿವರ್ ಕೋಶಗಳ ಮೇಲೆ ಬಿದ್ದಾಗ. ಕಿಡ್ನಿ ಹೋದವರಲ್ಲಿ ಆ ಶಕ್ತಿ ಕುಗ್ಗಿರುತ್ತದೆ. ಜಗಳವೇ ಆಗದಿದ್ದರೆ ಸದ್ದು ಎಲ್ಲಿಂದ ಬರಬೇಕು? ಅದಕ್ಕೇ ವೈರಸ್ ಸದ್ದಿಲ್ಲದೆ ಕೂರುತ್ತದೆ, ಉಳಿದವರಿಗಿಂತ ಜಾಸ್ತಿ ಸಲ ಕಾಯಂ ಆಗಿಯೂ ಕೂರುತ್ತದೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡುವುದು ಇದಕ್ಕೇ.

ಆದರೆ ಒಂದು ಸಂದರ್ಭದಲ್ಲಿ ರಿಪೋರ್ಟ್ ನಿಜವಾಗಿಯೂ ದಾರಿ ತಪ್ಪಿಸುತ್ತದೆ. ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಕವಚದ ಪ್ರೋಟೀನ್, ಅಂದರೆ ಎಚ್‌ಬಿಎಸ್‌ಎಜಿ. ಪರೀಕ್ಷೆ ಹುಡುಕುವುದೂ ಅದನ್ನೇ. ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರದೊಳಗೆ ರಕ್ತ ಕೊಟ್ಟರೆ ಸುಳ್ಳು ಪಾಸಿಟಿವ್ ಬರಬಹುದು. ಮಾವನಿಗೆ ಆ ಪರೀಕ್ಷೆಗೆ ಸ್ವಲ್ಪ ಮೊದಲು ಲಸಿಕೆ ಕೊಟ್ಟಿದ್ದರಾ ಅಂತ ಕೇಳಿ. ಹೇಗಿದ್ದರೂ ಒಂದೇ ಚೀಟಿ ನೋಡಿ ತೀರ್ಮಾನ ಬೇಡ. ಮತ್ತೊಮ್ಮೆ ಪರೀಕ್ಷೆ, ಜೊತೆಗೆ ವೈರಸ್ ಎಷ್ಟಿದೆ ಅಂತ ಹೇಳುವ ಡಿಎನ್‌ಎ ಪರೀಕ್ಷೆ ಆಗಲಿ.

ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಮನೆಯಲ್ಲಿ ಸುತ್ತುತ್ತಿರುತ್ತದೆ, ನೀವು ಬರೆಯದಿದ್ದರೂ. ವೈರಸ್ ಒಳಹೊಕ್ಕು ರಕ್ತ ಪರೀಕ್ಷೆಯಲ್ಲಿ ಕಾಣಲು ಒಂದೆರಡು ತಿಂಗಳು ಬೇಕಾಗಬಹುದು. ಆ ಅವಧಿಯಲ್ಲಿ ಎಲ್ಲೆಲ್ಲಿ ಡಯಾಲಿಸಿಸ್ ಆಯಿತು, ಮಾವನಿಗೆ ರಕ್ತ ಏರಿಸಿದರಾ, ಹಲ್ಲು ಕೀಳಿಸಿದರಾ ಅಂತ ಬರೆದಿಟ್ಟು ಘಟಕದವರಿಗೆ ಕೊಡಿ. ಅಲ್ಲಿನ ಬೇರೆ ರೋಗಿಗಳನ್ನೂ ಪರೀಕ್ಷಿಸಲು ಅದು ಬೇಕು. ಮನೆಯ ಯಾರದೋ ರಿಪೋರ್ಟ್ ಪಾಸಿಟಿವ್ ಬಂದರೆ ನಿನ್ನಿಂದಲೇ ಬಂತು ಅಂತ ಬೆರಳು ತೋರಿಸಬೇಡಿ. ಯಾರಿಂದ ಯಾರಿಗೆ ಅಂತ ರಿಪೋರ್ಟ್ ಹೇಳುವುದಿಲ್ಲ.

ಇದೇ ಪ್ರಶ್ನೆ ಹೆಪಟೈಟಿಸ್ ಸಿ ಬಗ್ಗೆಯೂ ನನಗೆ ಬರುತ್ತಿರುತ್ತದೆ. ಅದರ ಲೆಕ್ಕ ಬೇರೆ. ಮನೆಯೊಳಗೆ ಹರಡುವುದು ತೀರಾ ಅಪರೂಪ. ದೀರ್ಘಕಾಲ ಒಟ್ಟಿಗಿದ್ದ 500 ದಂಪತಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಗಂಡ ಹೆಂಡತಿಯ ನಡುವೆ ಹರಡುವ ಸಾಧ್ಯತೆ ಹೆಚ್ಚೆಂದರೆ ವರ್ಷಕ್ಕೆ 0.07% ಅಂತ ಕಂಡಿತು. ರೇಜರ್, ಬ್ರಷ್, ಚುಚ್ಚುವ ಪೆನ್ನಿನ ನಿಯಮ ಅದಕ್ಕೂ ಅನ್ವಯ. ಸಿಗೆ ಲಸಿಕೆ ಇಲ್ಲ, ಆದರೆ ಗುಣ ಮಾಡುವ ಮಾತ್ರೆ ಇದೆ. 8ರಿಂದ 12 ವಾರ ತೆಗೆದುಕೊಂಡರೆ 95%ಗಿಂತ ಜಾಸ್ತಿ ಜನ ಪೂರ್ತಿ ಗುಣವಾಗುತ್ತಾರೆ, ಡಯಾಲಿಸಿಸ್‌ನಲ್ಲಿ ಇರುವವರೂ ಸೇರಿ. ಬಿಗೆ ಲಸಿಕೆ ಇದೆ, ಪೂರ್ತಿ ತೊಲಗಿಸುವ ಮಾತ್ರೆ ಇಲ್ಲ. ಇವೆರಡನ್ನು ಅದಲು ಬದಲು ಮಾಡಿಕೊಂಡವರು ಬಹಳ ಜನ.

ಕಿಡ್ನಿ ಕೊಡುವ ವಿಚಾರ ಹೋಗಿಲ್ಲ. ಎಂಟೆಕವಿರ್, ಟೆನೊಫೊವಿರ್ ಅನ್ನುವ ಮಾತ್ರೆಗಳು ವೈರಸ್ಸನ್ನು ಅಡಗಿಸಿ ಇಡುತ್ತವೆ. ಡಯಾಲಿಸಿಸ್ ರೋಗಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಅನ್ನುವುದನ್ನು ವೈದ್ಯರು ಲೆಕ್ಕ ಹಾಕಿ ಕೊಡಬೇಕು. ಲಿವರ್ ಚೆನ್ನಾಗಿದ್ದು ವೈರಸ್ ಹಿಡಿತದಲ್ಲಿದ್ದರೆ ಕಸಿ ಮಾಡಬಹುದು. ಕಸಿ ಆದ ಮೇಲೂ ಆ ಮಾತ್ರೆ ನಿಲ್ಲಿಸುವಂತಿಲ್ಲ. ಹೊಸ ಕಿಡ್ನಿಯನ್ನು ಉಳಿಸಲು ಕೊಡುವ ಔಷಧಿ ಮೈಯ ಕಾವಲನ್ನೇ ಮಲಗಿಸುತ್ತದೆ, ಆಗ ಅಡಗಿದ್ದ ವೈರಸ್ ಎದ್ದುಬಿಡುತ್ತದೆ. ನಿಮ್ಮ ಗಂಡನ ರಿಪೋರ್ಟ್ ನೆಗೆಟಿವ್ ಬಂದರೆ ಈಗಲೇ ಲಸಿಕೆ ಶುರು ಮಾಡಿಸಿ. ಕಸಿಯ ಮಾತುಕತೆಗೆ ಹೋಗುವಾಗ ಆ ಕಾಗದ ಅವರ ಕೈಯಲ್ಲಿರಲಿ.

ಕೊನೆಗೆ ಚಿಕ್ಕವನು. ಕಾರ್ಡಿನಲ್ಲಿ ಲಸಿಕೆ ಆಗಿದ್ದರೆ ಇವತ್ತು ರಾತ್ರಿಯೇ ತಾತನ ಪಕ್ಕ ಮಲಗಲಿ. ಆಗಿಲ್ಲದಿದ್ದರೆ ಮೊದಲ ಡೋಸ್ ಹಾಕಿಸಿ, ಉಳಿದವು ಮುಗಿಯುವ ತನಕ ಡಯಾಲಿಸಿಸ್ ಆದ ರಾತ್ರಿಗಳಲ್ಲಿ ಮಾತ್ರ ನಿಮ್ಮ ಹತ್ತಿರ ಮಲಗಿಸಿಕೊಳ್ಳಿ. ಮಿಕ್ಕ ದಿನ ಸೂಜಿ ಹಾಕಿದ ಜಾಗ ಒಣಗಿದೆಯಾ ನೋಡಿ, ಇಲ್ಲದಿದ್ದರೆ ಮೇಲೊಂದು ಪ್ಲಾಸ್ಟರ್ ಹಾಕಿ. ಮತ್ತೆ, ಫಿಸ್ಟುಲಾ ಇಲ್ಲದ ಕೈಯ ಕಡೆ ಮಲಗಿಸಿ. ಅದು ಹೆಪಟೈಟಿಸ್‌ಗಾಗಿ ಅಲ್ಲ. ನಾಲ್ಕು ವರ್ಷದ ಹುಡುಗ ನಿದ್ದೆಯಲ್ಲಿ ಫಿಸ್ಟುಲಾ ಮೇಲೆ ತಲೆ ಇಟ್ಟು ಬೆಳಗಿನ ತನಕ ಮಲಗಿದರೆ ಅದು ಮುಚ್ಚಿಹೋಗಬಹುದು.